ಕಾಡಂಚಿನಿಂದ ಬಂದ ಹೆಸರು

ಶ್ರೀರಂಗಪಟ್ಟಣವು 1799ರಲ್ಲಿ ಇಂಗ್ಲಿಷರ ವಶವಾದ ಬಳಿಕ ಮೈಸೂರು ಸೀಮೆಗೆ ಬಂದು, ನಮ್ಮ ಜನರ ನಡುವೆ ಅವರಂತೆಯೇ ಉಟ್ಟು ಉಂಡು ದೀರ್ಘಕಾಲ ಬಾಳಿದ ಫ್ರೆಂಚ್ ಪಾದ್ರಿಯೊಬ್ಬರ ವಿಚಾರವನ್ನು ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿಯವರು ಎರಡು ಸಾವಿರ ವರಾಹಗಳನ್ನು ತೆತ್ತು ಕೊಂಡರು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಆ ಬರಹದ ಬಹುಭಾಗಕ್ಕೆ ಅವರಿಗಿಂತ ಹಿಂದಿನ ಇನ್ನೊಬ್ಬ ಪಾದ್ರಿಯ ಹಸ್ತಪ್ರತಿಯೇ ಆಧಾರವೆಂದು 1980ರ ದಶಕದಲ್ಲಿ ವಿದ್ವಾಂಸರು ತೋರಿಸಿದ್ದಾರೆ. ಅದು ಬೇರೆಯೇ ಕಥೆ. ಅವರ ಹೆಸರು ಝಾಂ ಆಂತ್ವಾನ್ ದ್ಯುಬ್ವಾ. ಸಹೋದ್ಯೋಗಿಯೊಬ್ಬರು ಇದನ್ನು ಕೊನೆಯ ಸಕಾರವನ್ನೂ ಬಿಡದೆ ‘ಡುಬಾಯ್ಸ್’ ಎಂದು ಓದಿದಾಗ, ಅಧ್ಯಾಪಕರಿಗೆ ಸಹಜವಾದ ಗತ್ತಿನಿಂದ ನಾನು ತಿದ್ದಿದೆ. ಆ ತಿದ್ದುಪಡಿಯೇ ಈ ವಾರದ ಬರಹಕ್ಕೆ ಕಾರಣ.

ಫ್ರೆಂಚಿನಲ್ಲಿ ‘ಬ್ವಾ’ ಎಂದರೆ ಕಾಡು. ಸೌದೆ, ಮರಮುಟ್ಟುಗಳಿಗೂ ಅದೇ ಮಾತು. ‘ದ್ಯು’ ಎಂಬುದು ಆ ಭಾಷೆಯ ಎರಡು ಪುಟ್ಟ ಪದಗಳು ಬೆಸೆದುಕೊಂಡು ಆದ ರೂಪ. ನಮ್ಮ ವ್ಯಾಕರಣದ ಷಷ್ಠಿಯೂ ಪಂಚಮಿಯೂ ಮಾಡುವ ಕೆಲಸವನ್ನು ಅದೊಂದೇ ಮಾಡುತ್ತದೆ. ಆದುದರಿಂದ ‘ದ್ಯುಬ್ವಾ’ ಎಂದರೆ ‘ಕಾಡಿನ ಕಡೆಯವನು’ ಎಂದಷ್ಟೇ ಅರ್ಥ. ಫ್ರೆಂಚು ಲ್ಯಾಟಿನ್ನಿನ ಮಗಳಾದರೂ ಈ ‘ಬ್ವಾ’ ಶಬ್ದ ತಾಯಿಯ ಒಡವೆಯಲ್ಲ. ಕಾಡಿಗೆ ರೋಮನರು ‘ಸಿಲ್ವ’ ಎನ್ನುತ್ತಿದ್ದರು. ‘ಬ್ವಾ’ದ ಹಳೆಯ ರೂಪ ‘ಬೋಸ್ಕ್’. ಅದು ಜರ್ಮನಿಕ್ ಜನರಿಂದ ಬಂದದ್ದು, ಇಂಗ್ಲಿಷಿನ ‘ಬುಷ್’ ಎಂಬುದಕ್ಕೆ ದಾಯಾದಿ.

ಇಂಥ ಹೆಸರುಗಳು ಬೇಕಾದುದೇಕೆ? ನನ್ನ ತರಗತಿಯೊಂದರಲ್ಲಿ ನಾಲ್ವರು ನಾಗರಾಜರಿದ್ದರು. ‘ಕಿಟಕಿಯ ನಾಗರಾಜ’, ‘ಬಾಗಿಲ ನಾಗರಾಜ’ ಎಂದು ಕರೆಯದೆ ಹಾಜರಿ ಹಾಕುವುದು ಸಾಧ್ಯವಿರಲಿಲ್ಲ. ಹನ್ನೊಂದು ಹನ್ನೆರಡನೆಯ ಶತಮಾನಗಳ ಫ್ರಾನ್ಸಿಗೆ ಒದಗಿದ ತೊಂದರೆಯೂ ಇದೇ. ಜನಸಂಖ್ಯೆ ಬೆಳೆಯಿತು, ದೀಕ್ಷಾನಾಮಗಳು ಮಾತ್ರ ಝಾಂ, ಪಿಯೇರ್ ಮುಂತಾದ ಬೆರಳೆಣಿಕೆಯ ಸಂತರ ಹೆಸರುಗಳಲ್ಲೇ ಸುತ್ತುತ್ತಿದ್ದುವು. ಆಗ ಕಸುಬು, ಮೈಬಣ್ಣ, ತಂದೆಯ ಹೆಸರು, ಮನೆಯಿದ್ದ ಜಾಗ ಇವು ಅಡ್ಡಹೆಸರುಗಳಾಗಿ ಅಂಟಿಕೊಂಡುವು. ಕಾಡಿನ ಅಂಚಿನಲ್ಲಿ ಮನೆಯಿದ್ದವನು ‘ಕಾಡಿನ ಕಡೆಯ ಝಾಂ’. ಅಂದಿನ ಕಾಡು ಬರಿಯ ಕಾಡಲ್ಲ: ಹಂದಿಗಳನ್ನು ಮೇಯಿಸಲು, ಸೌದೆ ಆಯಲು, ಇದ್ದಿಲು ಸುಡಲು ಊರಿಗೆ ಊರೇ ಅದನ್ನು ನೆಚ್ಚಿಕೊಂಡಿತ್ತು. ಅದೇ ಕಾಲದಲ್ಲಿ ಉಳುಮೆಗಾಗಿ ಕಾಡುಗಳನ್ನು ಕಡಿಯುತ್ತಲೂ ಬಂದರು. ಎಷ್ಟೋ ಕಡೆ ಕಾಡು ಹೋಯಿತು, ಹೆಸರು ಉಳಿಯಿತು.

ಕಾಡಂಚಿನ ಮನೆ ಯಾವ ಹಳ್ಳಿಯಲ್ಲಿಲ್ಲ? ಹಾಗಾಗಿ ದ್ಯುಬ್ವಾ ಎಂಬ ಒಂದೇ ವಂಶವೆಂಬುದು ಎಂದೂ ಇರಲಿಲ್ಲ. ಹೆಸರು ನೂರಾರು ಕಡೆ ತಾನಾಗಿಯೇ ಹುಟ್ಟಿತು. ಇಂದಿಗೂ ಫ್ರಾನ್ಸಿನಲ್ಲಿ ಅತಿ ಸಾಮಾನ್ಯವಾದ ಅಡ್ಡಹೆಸರುಗಳಲ್ಲಿ ಅದೊಂದು. ನಾರ್ಮಂಡಿಯಲ್ಲಿ ಅದು ದ್ಯುಬೋಸ್ಕ್, ದಕ್ಷಿಣದಲ್ಲಿ ಡೆಲ್ಬೋಸ್ಕ್. ಫ್ಲೆಮಿಷರು ಅದೇ ಅರ್ಥದಲ್ಲಿ ವಾನ್ ಡೆನ್ ಬೋಸ್ ಎನ್ನುತ್ತಾರೆ. ಜಾವಾ ದ್ವೀಪದಲ್ಲಿ 1891ರಲ್ಲಿ ಆದಿಮಾನವನ ಅವಶೇಷಗಳನ್ನು ಕಂಡುಹಿಡಿದ ಡಚ್ ವೈದ್ಯ ಯೂಜೀನ್ ದ್ಯುಬ್ವಾರಿಗೂ ನಮ್ಮ ಮೈಸೂರಿನ ಪಾದ್ರಿಗಳಿಗೂ ನಂಟು ಕಲ್ಪಿಸಬೇಕಾದುದಿಲ್ಲ. ‘ದ್ಯು’ ಎಂಬುದು ಕುಲೀನತೆಯ ಗುರುತೆಂಬ ನಂಬಿಕೆಯೂ ಉಂಟು. ಅದು ಶುದ್ಧ ತಪ್ಪು. ಹಂದಿ ಕಾಯುವವನಿಗೂ ಆ ‘ದ್ಯು’ ಸಲ್ಲುತ್ತಿತ್ತು.

ಬಾಯಿಮಾತಿನ ಹೆಸರನ್ನು ಸರ್ಕಾರ ಕಟ್ಟಿಹಾಕಿದ್ದು ತಡವಾಗಿ. ದೀಕ್ಷಾಸ್ನಾನದ ದಾಖಲೆಗಳನ್ನಿಡಬೇಕೆಂದು ರಾಜಾಜ್ಞೆಯಾದುದು 1539ರಲ್ಲಿ. ಜನನಪತ್ರದಲ್ಲಿರುವ ಹೆಸರನ್ನುಳಿದು ಬೇರೆ ಹೆಸರನ್ನು ಯಾರೂ ಇಟ್ಟುಕೊಳ್ಳಕೂಡದೆಂದು ಕ್ರಾಂತಿಯ ಸರ್ಕಾರ ಕಾನೂನು ಮಾಡಿದ್ದು 1794ರಲ್ಲಿ.

ಅಷ್ಟರಲ್ಲಿ ಹೆಸರು ಕಡಲು ದಾಟಿಯಾಗಿತ್ತು. ಲಿಲ್ ನಗರದ ಸುತ್ತಿನಿಂದ ಹೊರಟ ಲೂಯಿ ದ್ಯುಬ್ವಾ ಎಂಬ ಪ್ರಾಟೆಸ್ಟಂಟ್, ಜರ್ಮನಿಯಲ್ಲಿ ಕೆಲಕಾಲ ನಿಂತು, ಅಮೆರಿಕಕ್ಕೆ ಹೋಗಿ, 1678ರಲ್ಲಿ ತನ್ನವರೊಡನೆ ನ್ಯೂಯಾರ್ಕ್ ಸೀಮೆಯಲ್ಲಿ ನ್ಯೂ ಪಾಲ್ಟ್ಸ್ ಎಂಬ ಊರು ಕಟ್ಟಿದನು. ಆ ಪ್ರಾಂತದ ದ್ಯುಬ್ವಾ ಮನೆತನದವನೇ ಜೇಮ್ಸ್ ಎಂಬ ಬಿಳಿಯ ವೈದ್ಯ. ಬಹಾಮಾ ದ್ವೀಪಗಳಲ್ಲಿ ಅವನಿಗೆ ಜಮೀನಿತ್ತು. ಅಲ್ಲಿ ಆಫ್ರಿಕಾ ಮೂಲದ ಸ್ತ್ರೀಯಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳನ್ನು ಅವನು ಅಮೆರಿಕಕ್ಕೆ ಕರೆತಂದು ಒಳ್ಳೆಯ ಶಾಲೆಗೆ ಸೇರಿಸಿದನು. ಅವನು ಹಠಾತ್ತನೆ ತೀರಿಕೊಳ್ಳಲು, ಬಿಳಿಯ ನೆಂಟರು ಬಾಗಿಲು ಮುಚ್ಚಿದರು. ಶಾಲೆ ಬಿಡಿಸಿ ಅಲೆಕ್ಸಾಂಡರ್ ಎಂಬ ಮಗನನ್ನು ಚಮ್ಮಾರಿಕೆ ಕಲಿಯಲು ಹಾಕಿದರು. ಆಸ್ತಿಯಿಲ್ಲ, ನಂಟಿಲ್ಲ, ಅವನ ಪಾಲಿಗೆ ಉಳಿದದ್ದು ಹೆಸರು.

ಆ ಅಲೆಕ್ಸಾಂಡರನ ಮೊಮ್ಮಗನೇ ವಿಲಿಯಂ ಎಡ್ವರ್ಡ್ ಬರ್ಗ್‌ಹಾರ್ಟ್ ಡು ಬಾಯ್ಸ್. 1868ರಲ್ಲಿ ಮ್ಯಾಸಚೂಸೆಟ್ಸಿನ ಗ್ರೇಟ್ ಬ್ಯಾರಿಂಗ್ಟನ್ನಿನಲ್ಲಿ ಹುಟ್ಟಿ, 1895ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟು ಪಡೆದ ಮೊದಲ ಕಪ್ಪು ಅಮೆರಿಕನರಾದವರು. ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಬಾಳೆಲ್ಲ ಹೋರಾಡಿ, 1963ರಲ್ಲಿ ಘಾನಾದ ಆಕ್ರಾ ನಗರದಲ್ಲಿ ಕಣ್ಮುಚ್ಚಿದವರು. ಹೆಸರು ಕೊಟ್ಟ ತಂದೆ ಇವರು ಕೂಸಾಗಿದ್ದಾಗಲೇ ಮನೆ ಬಿಟ್ಟು ಹೋಗಿದ್ದನು. ಬೆಳೆಸಿದವರು ತಾಯಿಯೂ ತಾಯಿಯ ಕಡೆಯವರೂ. ಅಜ್ಜನನ್ನು ಕಂಡದ್ದು ಹದಿನೈದರ ಹರೆಯದಲ್ಲಿ. ಆದರೂ ಅವರು ಹೆಸರನ್ನು ತೊರೆಯಲಿಲ್ಲ. ತಮ್ಮ ಆತ್ಮಕಥನಗಳಲ್ಲಿ ಆ ಫ್ರೆಂಚ್ ಮೂಲದವರೆಗೂ ವಂಶಾವಳಿಯನ್ನು ಬಿಡಿಸಿಟ್ಟರು. ಉಚ್ಚಾರಣೆಯಲ್ಲಿ ಮಾತ್ರ ಫ್ರೆಂಚರ ಮಾತು ಕೇಳಲಿಲ್ಲ. 1939ರ ಪತ್ರವೊಂದರಲ್ಲಿ ಅವರು, ತಮ್ಮ ಹೆಸರನ್ನು ಸ್ಪಷ್ಟವಾದ ಇಂಗ್ಲಿಷ್ ರೀತಿಯಲ್ಲಿ, ‘ವಾಯ್ಸ್’ ಎಂಬಲ್ಲಿಯ ಧ್ವನಿಯೊಡನೆ, ‘ಡು ಬಾಯ್ಸ್’ ಎಂದೇ ನುಡಿಯತಕ್ಕದ್ದೆಂದು ತಿಳಿಸಿದರು.

ಮೈಸೂರಿನ ಪಾದ್ರಿಗಳಿಗೆ ಈ ಗೊಡವೆಯೇ ಬರಲಿಲ್ಲ. ಇಲ್ಲಿಯ ಜನ ಆ ಹೆಸರನ್ನೇ ಬದಿಗಿಟ್ಟು ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. ನನ್ನ ಸಹೋದ್ಯೋಗಿಗಳಿಗಂತೂ ನಾನು ಅರ್ಧ ಕ್ಷಮಾಪಣೆ ಸಲ್ಲಿಸಬೇಕಾಗಿದೆ. ಪಾದ್ರಿಗಳ ಮಟ್ಟಿಗೆ ನನ್ನದು ಸರಿ. ಇನ್ನೊಬ್ಬರ ಮಟ್ಟಿಗೆ ಅವರದೇ ಸರಿ.