ಜಿಟಿ ಸಾಕು ಅಣ್ಣ, ಎಸ್ ಬೇಡ

ಕಳೆದ ವಾರ ರಾತ್ರಿ ಎರಡೂವರೆವರೆಗೂ ನಮ್ಮ ರೂಮಿನ ಲೈಟ್ ಉರೀತಾ ಇತ್ತು. ಇಂಟರ್ನಲ್ಸ್‌ಗೆ ಓದ್ತಿದ್ದಾರೆ ಅಂತ ನೀವು ಅಂದುಕೊಂಡಿದ್ದರೆ ಅದು ನಿಮ್ಮ ದೊಡ್ಡತನ. ನಾವು ನಾಲ್ಕು ಜನ ಜಗಳ ಆಡ್ತಾ ಇದ್ದೆವು, ಅದೂ ನಮ್ಮಲ್ಲಿ ಯಾರೂ ಕಣ್ಣಾರೆ ನೋಡದ ಒಂದು ಕಾರಿನ ಬಗ್ಗೆ. ಕಾರಿನ ಹೆಸರು ಟೊಯೋಟಾ ಸೆಲಿಕಾ.

ವಿಷಯ ಶುರುವಾಗಿದ್ದು ನಮ್ಮ ರೂಮ್‌ಮೇಟ್‌ನ ಅಣ್ಣನಿಂದ. ಅವರು ಅಮೆರಿಕದ ಓಹಿಯೋದಲ್ಲಿ ಎಂಎಸ್ ಮಾಡ್ತಿದ್ದಾರೆ. ಜನವರಿಯಿಂದ ಇಂಟರ್ನ್‌ಶಿಪ್, ಫ್ಯಾಕ್ಟರಿ ಇರೋದು ಕ್ಯಾಂಪಸ್‌ನಿಂದ 40 ಮೈಲಿ ದೂರ, ಬಸ್ ಇಲ್ಲ. ಊರಿನ ಮನೆಪತ್ರ ಬ್ಯಾಂಕಿನಲ್ಲಿದೆ, ಓದಿನ ಸಾಲಕ್ಕೆ. ಕ್ಯಾಂಪಸ್ ಕೆಲಸದಲ್ಲಿ ಉಳಿಸಿದ ದುಡ್ಡಲ್ಲಿ ಒಂದು ಹಳೇ ಕಾರ್ ತಗೋಬೇಕು. ಕೊರೊಲ್ಲಾ ತಗೊಳ್ಳಿ ಅಂತ ಹೇಳಬಹುದಿತ್ತು. ಆದರೆ ಅವರು ಚಿಕ್ಕಂದಿನಿಂದ ವಿಡಿಯೋ ಗೇಮ್‌ನಲ್ಲಿ ಓಡಿಸಿದ ಕಾರ್ ಸೆಲಿಕಾ, ಈಗ ಅದು ಅವರ ಕೈಗೆಟುಕೋ ಬೆಲೆಗೆ ಬಂದಿದೆ. ಅಂಥವರಿಗೆ ಕೊರೊಲ್ಲಾ ಅಂತ ಹೇಳೋ ಧೈರ್ಯ ನಮಗಿಲ್ಲ.

ಅವರ ಮುಂದೆ ಎರಡು ಕಾರ್ ಇವೆ, ಬೆಲೆ ಹೆಚ್ಚುಕಮ್ಮಿ ಒಂದೇ. ಒಂದು 2003ರ ಜಿಟಿ, ಐದು ಗೇರ್, ಮೊದಲಿಂದಲೂ ಒಬ್ಬರೇ ಓನರ್, ಸರ್ವಿಸ್ ಬಿಲ್‌ಗಳೆಲ್ಲ ಫೈಲ್‌ನಲ್ಲಿವೆ. ಇನ್ನೊಂದು 2001ರ ಜಿಟಿ-ಎಸ್, ಆರು ಗೇರ್, ಮೂರನೇ ಓನರ್, ಏರ್ ಇನ್‌ಟೇಕ್ ಬದಲಾಯಿಸಿದ್ದಾರೆ, ಬಿಲ್ ಕೇಳಿದರೆ ‘ಎಲ್ಲಾ ಚೆನ್ನಾಗಿದೆ’ ಅನ್ನೋ ಉತ್ತರ. ಅಣ್ಣ ಎರಡರ ಫೋಟೋನೂ ಕಳಿಸಿ, ‘ಮೆಕ್ಯಾನಿಕಲ್‌ನವರು ನೀವೇ ಹೇಳ್ರಪ್ಪ’ ಅಂದರು. ನಮ್ಮಲ್ಲಿ ಮೆಕ್ಯಾನಿಕಲ್ ಇಬ್ಬರೇ. ಉಳಿದಿಬ್ಬರು ಕಂಪ್ಯೂಟರ್ ಸೈನ್ಸ್, ಅವರದೇ ಬಾಯಿ ಜೋರು.

ಗೊತ್ತಿಲ್ಲದವರಿಗೆ ಒಂದು ಮಾತು. ಅಮೆರಿಕದಲ್ಲಿ 2000ದಿಂದ 2005ರವರೆಗೆ ಮಾರಾಟವಾದ ಕೊನೇ ತಲೆಮಾರಿನ ಸೆಲಿಕಾ ಇದು. ಎರಡು ಬಾಗಿಲು, ಹಿಂದೆ ಮೇಲಕ್ಕೆ ತೆರೆಯೋ ಡಿಕ್ಕಿ, ಮುಂಚಕ್ರಗಳಿಗೆ ಪವರ್. ಎರಡು ವರ್ಷನ್‌ಗೂ ಎಂಜಿನ್ 1.8 ಲೀಟರ್. ಜಿಟಿಯಲ್ಲಿ 1ಜೆಡ್‌ಜೆಡ್, 140 ಹಾರ್ಸ್‌ಪವರ್. ಜಿಟಿ-ಎಸ್‌ನಲ್ಲಿ 2ಜೆಡ್‌ಜೆಡ್, 180 ಹಾರ್ಸ್‌ಪವರ್. ಅಳತೆ ಒಂದೇ, 40 ಕುದುರೆ ಹೆಚ್ಚು. ಇಷ್ಟು ಹೇಳಿದರೆ ಯಾರಾದರೂ ಜಿಟಿ-ಎಸ್ ಅಂತಲೇ ಅಂತಾರೆ. ನಾವೂ ಮೊದಲ ಹತ್ತು ನಿಮಿಷ ಅದನ್ನೇ ಅಂದೆವು.

ಆಮೇಲೆ ಒಬ್ಬ ಆ 40 ಎಲ್ಲಿಂದ ಬಂತು ಅಂತ ಕೇಳಿದ.

ಟಾರ್ಕ್ ನೋಡಿ. (ಈ ಪದಕ್ಕೆ ಕನ್ನಡ ಹುಡುಕಿ ಸೋತಿದ್ದೇವೆ. ಹತ್ತನೇ ಕ್ಲಾಸ್‌ವರೆಗೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಪಾಪ ಇದು, ಕ್ಷಮಿಸಿ.) ಜಿಟಿಯದು ಸುಮಾರು 170 ನ್ಯೂಟನ್ ಮೀಟರ್, ಜಿಟಿ-ಎಸ್‌ದು ಸುಮಾರು 180. ಹೆಚ್ಚೇನೂ ವ್ಯತ್ಯಾಸ ಇಲ್ಲ. ಪವರ್ ಅಂದರೆ ಟಾರ್ಕ್ ಇಂಟು ವೇಗ ಅಂತ ಫಸ್ಟ್ ಇಯರ್‌ನಲ್ಲೇ ಓದಿದ್ದೇವಲ್ಲ. ಜಿಟಿ ತನ್ನ 140 ಅನ್ನು 6,400 ಆರ್‌ಪಿಎಂನಲ್ಲಿ ಕೊಡುತ್ತೆ, ಜಿಟಿ-ಎಸ್ ತನ್ನ 180 ಅನ್ನು 7,600ರಲ್ಲಿ. ಅಂದರೆ ಆ ಹೆಚ್ಚಿನ ಕುದುರೆಗಳೆಲ್ಲ ಟ್ಯಾಕೋಮೀಟರ್‌ನ ಕೊನೇ ತುದಿಯಲ್ಲಿ ಕಟ್ಟಿಹಾಕಿವೆ. ಬಿಚ್ಚಬೇಕು ಅಂದರೆ ಅಲ್ಲಿಗೇ ಹೋಗಬೇಕು.

ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದು ಮಾತ್ರ ನಿಜವಾಗಲೂ ಚಂದ, ಅದನ್ನ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. 2ಜೆಡ್‌ಜೆಡ್ ಅನ್ನು ಟೊಯೋಟಾ ಯಮಹಾ ಜೊತೆ ಸೇರಿ ಮಾಡಿದ್ದು. ಕ್ಯಾಮ್‌ಶಾಫ್ಟ್ ಮೇಲೆ ಎರಡು ಥರದ ಲೋಬ್ ಇವೆ, ಒಂದು ಗಿಡ್ಡ, ಒಂದು ಎತ್ತರ. ಸುಮಾರು 6,200 ಆರ್‌ಪಿಎಂವರೆಗೆ ಗಿಡ್ಡ ಲೋಬ್ ವಾಲ್ವ್ ತೆರೀತಿರುತ್ತೆ, ಎತ್ತರದ್ದು ಸುಮ್ಮನೆ ಗಾಳೀಲಿ ಸುತ್ತುತ್ತೆ. ಅಲ್ಲಿ ದಾಟಿದ ಕೂಡಲೇ ಆಯಿಲ್ ಪ್ರೆಶರ್ ರಾಕರ್ ಆರ್ಮ್‌ನಲ್ಲಿರೋ ಒಂದು ಪುಟ್ಟ ಪಿನ್ ಅನ್ನು ಒಳಗೆ ತಳ್ಳುತ್ತೆ. ಈಗ ಕೆಲಸ ಎತ್ತರದ ಲೋಬ್‌ದು. ವಾಲ್ವ್ ಇನ್ನೂ ಆಳಕ್ಕೆ, ಇನ್ನೂ ಹೊತ್ತು ತೆರೆಯುತ್ತೆ, ಎಂಜಿನ್ ದನಿಯೇ ಬದಲಾಗುತ್ತೆ. ಇದಕ್ಕೆ ಸೆಲಿಕಾದವರು ‘ಲಿಫ್ಟ್’ ಅಂತಾರೆ. ಆ ಸದ್ದಿನ ವಿಡಿಯೋ ನಾವು ಎಷ್ಟು ಸಲ ನೋಡಿದೆವು ಅಂತ ಕೇಳಬೇಡಿ, ಪಕ್ಕದ ರೂಮಿನವರು ಗೋಡೆ ಗುದ್ದಿದರು. ಇದೇ ಎಂಜಿನ್ ಲೋಟಸ್ ಎಲಿಸ್‌ಗೂ ಹೋಯ್ತು. ಊರಲ್ಲಿ ಆರ್‌ಎಕ್ಸ್ 100 ಸದ್ದು ಕೇಳಿ ಬೆಳೆದ ನಮಗೆ ಯಮಹಾ ಅಂದರೆ ಅರ್ಧ ಬುದ್ಧಿ ಹಾಗೇ ಕೆಡುತ್ತೆ.

ಉಳಿದ ಅರ್ಧ ಬುದ್ಧಿಯಲ್ಲಿ ಒಂದು ಲೆಕ್ಕ ಮಾಡಿದೆವು. ಜಿಟಿ-ಎಸ್‌ನ ಮೊದಲ ಗೇರ್ ಅನುಪಾತ 3.166, ಎರಡನೇದು 2.05, ಮೂರನೇದು 1.481. ಕೆಂಪು ಗೆರೆ 7,800ರಲ್ಲಿ. ಮೊದಲ ಗೇರ್‌ನಲ್ಲಿ 7,800ರವರೆಗೂ ಎಳೆದು ಎರಡಕ್ಕೆ ಹಾಕಿದರೆ ಎಂಜಿನ್ ಬೀಳೋದು ಸುಮಾರು 5,050ಕ್ಕೆ. ಲಿಫ್ಟ್ ಇರೋದು 6,200ರಲ್ಲಿ. ಹೋಯ್ತು. ಎರಡರಿಂದ ಮೂರಕ್ಕೆ ಹಾಕಿದರೆ ಸುಮಾರು 5,635, ಅದೂ ಹೋಯ್ತು. ಅಂದರೆ ಪ್ರತಿ ಗೇರ್‌ನಲ್ಲೂ ಮತ್ತೆ ಮೇಲೆ ಹತ್ತಿ, ಮತ್ತೆ ಕಾದು, ಒಂದೆರಡು ಕ್ಷಣ ಲಿಫ್ಟ್ ಅನುಭವಿಸಿ, ಮತ್ತೆ ಕೆಳಗೆ ಬೀಳಬೇಕು. ಟ್ರ್ಯಾಕ್‌ನಲ್ಲಿ ಇದೇ ಮಜಾ. ಬೆಳಗ್ಗೆ ಏಳಕ್ಕೆ ಹಿಮ ಬಿದ್ದ ಹೈವೇಯಲ್ಲಿ ಕೆಲಸಕ್ಕೆ ಹೋಗೋರಿಗೆ? ಎಂಜಿನ್ ಬಿಸಿ ಆಗೋವರೆಗೆ ಲಿಫ್ಟ್ ಬರೋದೇ ಇಲ್ಲ, ಕಂಪ್ಯೂಟರ್ ಬಿಡೋದಿಲ್ಲ. ಓಹಿಯೋದ ಜನವರಿಯಲ್ಲಿ ಅದು ಬಿಸಿ ಆಗೋ ಹೊತ್ತಿಗೆ ಎಷ್ಟು ಮೈಲಿ ಕಳೆದಿರುತ್ತೋ.

ಖರ್ಚಿನ ಮಾತು. ಜಿಟಿ-ಎಸ್‌ನ ಕಂಪ್ರೆಷನ್ 11.5, ಹಾಗಾಗಿ ಪ್ರೀಮಿಯಂ ಪೆಟ್ರೋಲ್ ಕೇಳುತ್ತೆ. ಜಿಟಿಗೆ ಸಾಮಾನ್ಯ ಪೆಟ್ರೋಲ್ ಸಾಕು. ದಿನಕ್ಕೆ 80 ಮೈಲಿ ಓಡಿಸೋರಿಗೆ ಇದು ಸಣ್ಣ ವಿಷಯ ಅಲ್ಲ. ಆರಂಭದ ವರ್ಷಗಳ 2ಜೆಡ್‌ಜೆಡ್‌ಗಳಲ್ಲಿ ರಾಕರ್ ಶಾಫ್ಟ್ ಹಿಡಿದಿರೋ ಬೋಲ್ಟ್‌ಗಳು ಸವೆದು ಮುರಿಯೋದು ಎಲ್ಲರಿಗೂ ಗೊತ್ತಿರೋ ಕಾಯಿಲೆ. ಬೋಲ್ಟ್ ಅಗ್ಗ, ಹಾಕಿಸಬಹುದು. ಆದರೆ ಹಿಂದಿನ ಇಬ್ಬರು ಓನರ್‌ಗಳು ಆರನೇ ಸಾವಿರ ದಾಟಿ ಎಷ್ಟು ಸಲ ಎಳೆದಿದ್ದಾರೆ, ಆಯಿಲ್ ಸರಿಯಾಗಿ ಬದಲಾಯಿಸಿದ್ದಾರಾ, ನಾಲ್ಕಕ್ಕೆ ಹೋಗಬೇಕಾದ ಗೇರ್ ತಪ್ಪಿ ಎರಡಕ್ಕೆ ಹೋಗಿತ್ತಾ, ಇದ್ಯಾವುದೂ ಫೋಟೋದಲ್ಲಿ ಕಾಣೋದಿಲ್ಲ. ಜೊತೆಗೆ 2ಜೆಡ್‌ಜೆಡ್‌ನ ಸಿಲಿಂಡರ್ ಗೋಡೆ ಲೋಹದ ಕಾಂಪೋಸಿಟ್. ಮಾಮೂಲಿ ಎಂಜಿನ್ ಥರ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಬಿಡೋಣ ಅಂದರೆ ಅಷ್ಟು ಸುಲಭ ಅಲ್ಲ.

ಹಾಗಂತ ಜಿಟಿ ಸಂತನೇನಲ್ಲ. ಆರಂಭದ 1ಜೆಡ್‌ಜೆಡ್‌ಗಳು ಆಯಿಲ್ ಕುಡೀತವೆ. ಪಿಸ್ಟನ್‌ನಿಂದ ಆಯಿಲ್ ವಾಪಸ್ ಹೋಗೋ ತೂತುಗಳು ಮುಚ್ಚಿಕೊಂಡು ರಿಂಗ್ ಅಂಟಿಕೊಳ್ಳುತ್ತೆ, ಆಮೇಲೆ ಹೊಗೆ. ಹಿಂದಿನ ಬ್ರೇಕ್ ಡ್ರಮ್, ಜಿಟಿ-ಎಸ್‌ನಲ್ಲಿ ಡಿಸ್ಕ್. ಆದರೆ ಆಯಿಲ್ ಕಡಿಮೆಯಾದರೆ ಡಿಪ್‌ಸ್ಟಿಕ್ ಹೇಳುತ್ತೆ, ಒಂದು ಲೀಟರ್ ಸುರಿದು ಹೋಗ್ತಾ ಇರಬಹುದು. ಈ ಎಂಜಿನ್ ನಮಗೂ ದೂರದ ನೆಂಟ. 2003ರಲ್ಲಿ ನಮ್ಮ ದೇಶಕ್ಕೆ ಬಂದ, ಬಿಡದಿಯ ಕಾರ್ಖಾನೆಯ ಕೊರೊಲ್ಲಾದಲ್ಲಿ ಇದ್ದದ್ದು ಇದೇ 1ಜೆಡ್‌ಜೆಡ್, 125 ಹಾರ್ಸ್‌ಪವರ್‌ಗೆ ಇಳಿಸಿದ್ದು. ನಮ್ಮಲ್ಲೊಬ್ಬನ ಸೋದರಮಾವ ಅದನ್ನ ಇವತ್ತಿಗೂ ಓಡಿಸ್ತಾರೆ. ಹಬ್ಬಕ್ಕೆ ಊರಿಗೆ ಹೋದಾಗ ಅದರಲ್ಲಿ ಏಳು ಜನ ಕೂತಿದ್ದೇವೆ, ಅದು ಬೇರೆ ಕಥೆ.

ನಮ್ಮ ತಕರಾರು ಇರೋದು ಕಾರಿನ ಮೇಲಲ್ಲ, ಆ ‘ಎಸ್’ ಮೇಲೆ. ನಮ್ಮ ಕಡೆ ಯಾರೇ ಹೊಸ ಗಾಡಿ ತಗೊಳ್ಳಲಿ, ಬರೋ ಮೊದಲ ಪ್ರಶ್ನೆ ‘ಟಾಪ್ ಎಂಡಾ?’ ಅಂತ. ಅಲ್ಲ ಅಂದರೆ ‘ಓ’ ಅಂತಾರೆ, ಆ ‘ಓ’ದಲ್ಲಿ ಎಲ್ಲಾ ಇರುತ್ತೆ. ಆ ‘ಓ’ ತಪ್ಪಿಸೋಕೆ ಜನ ಇನ್ನೊಂದು ವರ್ಷದ ಇಎಂಐ ಕಟ್ಟುತ್ತಾರೆ. ಹೊಸ ಗಾಡೀಲಿ ಅದು ಹೋಗಲಿ ಬಿಡಿ, ವಾರಂಟಿ ಇರುತ್ತೆ. 20 ವರ್ಷದ ಹಳೇ ಗಾಡೀಲಿ ನೀವು ತಗೊಳ್ಳೋದು ವರ್ಷನ್ ಅಲ್ಲ, ಹಿಂದಿನ ಓನರ್‌ನ ಅಭ್ಯಾಸಗಳನ್ನ. ಸ್ಪೋರ್ಟ್ಸ್ ವರ್ಷನ್ ತಗೊಂಡವನು ಅದನ್ನ ಸ್ಪೋರ್ಟ್ಸ್ ಥರಾನೇ ಓಡಿಸಿರ್ತಾನೆ, ತಗೊಂಡಿದ್ದೇ ಅದಕ್ಕಲ್ವಾ. ನಾವಾಗಿದ್ದರೂ ಹಾಗೇ ಮಾಡ್ತಿದ್ದೆವು.

ನಮ್ಮಲ್ಲಿ ಒಬ್ಬ ಇನ್ನೂ ಒಪ್ಪಿಲ್ಲ. ಅವನ ವಾದವನ್ನೂ ಹೇಳಬೇಕು, ಇಲ್ಲದಿದ್ದರೆ ಈ ಬರಹಕ್ಕೆ ಅವನ ಹೆಸರು ಸೇರಿಸಬೇಡಿ ಅಂತ ಹಟ ಹಿಡಿದಿದ್ದಾನೆ. ‘ಲೆಕ್ಕ ಎಲ್ಲಾ ಸರಿ ಕಣ್ರೋ. ಕೂಪೆ ತಗೊಳ್ಳೋದೇ ಲೆಕ್ಕಕ್ಕೆ ವಿರುದ್ಧ. ಲೆಕ್ಕ ಬೇಕಿದ್ರೆ ಕೊರೊಲ್ಲಾನೇ ತಗೋಬೇಕಿತ್ತು. ಜಿಟಿ ತಗೊಂಡು, ಪಕ್ಕದಲ್ಲಿ ಜಿಟಿ-ಎಸ್ ಹೋದಾಗಲೆಲ್ಲ ಹೊಟ್ಟೆ ಉರ್ಕೊಳ್ಳೋದಾದ್ರೆ ಯಾಕೆ ತಗೋಬೇಕು?’ ಇದಕ್ಕೆ ನಮ್ಮ ಹತ್ತಿರ ಪೂರ್ತಿ ಉತ್ತರ ಇಲ್ಲ. ಅದೇ ಬಿಲ್ ಫೈಲ್ ಜಿಟಿ-ಎಸ್ ಜೊತೆ ಬಂದಿದ್ದರೆ, ಅಣ್ಣನಿಗೆ ಕೆಲಸಕ್ಕೆ ಹೋಗೋಕೆ ಬೇರೆ ಗಾಡಿ ಇದ್ದಿದ್ದರೆ, ನಾವೇ ಅದನ್ನ ತಗೊಳ್ಳಿ ಅಂತಿದ್ದೆವು. ಆದರೆ ಇರೋದು ಒಂದೇ ಗಾಡಿ, ಒಂದೇ ಇಂಟರ್ನ್‌ಶಿಪ್, ಊರಲ್ಲಿ ಒಂದೇ ಮನೆ. ಜಿಟಿ ತೂಗೋದು 1,100 ಕೆಜಿ ಸುಮಾರು, ಸ್ಟೀರಿಂಗ್, ಸೀಟು, ಆ ಕತ್ತಿಯಂಥ ಮೂತಿ ಎಲ್ಲಾ ಅದೇ. ಚಿಕ್ಕಂದಿನ ಕನಸಿನ ಬಹುಪಾಲು ಅದರಲ್ಲೂ ಇದೆ.

ಅಣ್ಣನಿಗೆ ಕೊನೆಗೆ ಒಂದು ವಾಯ್ಸ್ ನೋಟ್ ಕಳಿಸಿದೆವು. ಜಿಟಿಯನ್ನೇ ನೋಡಿ. ಬರ್ತೀವಿ ಅಂತ ಹೇಳುವಾಗಲೇ, ಎಂಜಿನ್ ಆನ್ ಮಾಡಿ ಇಡಬೇಡಿ ಅಂತ ಓನರ್‌ಗೆ ಹೇಳಿ, ತಣ್ಣಗಿರುವಾಗ ಸ್ಟಾರ್ಟ್ ಆಗೋದನ್ನ ನೀವೇ ಕೇಳಬೇಕು. ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ, ಆಮೇಲೆ ಕೈಕುಲುಕಿ. ಆ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ, ಹಾಗಾಗಿ ಮೊಣಕಾಲೂರಿ ಕೂತು ಕಾರಿನ ಅಡಿ ತುಕ್ಕು ನೋಡಿ, ಪ್ಯಾಂಟ್ ಕೊಳೆ ಆದರೂ ಪರವಾಗಿಲ್ಲ. ಇನ್ಶೂರೆನ್ಸ್‌ಗೆ ಎಷ್ಟಾಗುತ್ತೆ ಅಂತ ದುಡ್ಡು ಕೊಡೋ ಮುಂಚೆ ಕೇಳಿ, ಕೊಟ್ಟ ಮೇಲಲ್ಲ.

ಶನಿವಾರ ಬೆಳಗ್ಗೆ ಹತ್ತಕ್ಕೆ ಹೋಗ್ತಾರಂತೆ. ನಮಗೆ ಆಗ ರಾತ್ರಿ. ವಿಡಿಯೋ ಕಾಲ್‌ನಲ್ಲಿ ಇರ್ತೀವಿ ಅಂತ ಹೇಳಿದ್ದೇವೆ. ಒಪ್ಪದವನೂ ಇರ್ತಾನೆ, ಆದರೆ ಮ್ಯೂಟ್‌ನಲ್ಲಿ.