ಊರಿನ ವಯಸ್ಸು

1965ರಲ್ಲಿ ಅಮೇರಿಕೆಯು ತನ್ನ ವಲಸೆಯ ಕಾಯಿದೆಯನ್ನು ಸಡಿಲಿಸಿದ ಮೇಲೆ ನಮ್ಮ ಬೆಳಗಾವಿ ಸೀಮೆಯ ವೈದ್ಯರೂ ಎಂಜಿನಿಯರರೂ ಸಾಗರವನ್ನು ದಾಟುತ್ತಲೇ ಇದ್ದಾರೆ. ಅವರಿಗೆ ಅಲ್ಲಿ ಯಾವುದರ ಕೊರತೆ? ಜೋಳದ ಹಿಟ್ಟು ಅಂಗಡಿಯಲ್ಲಿ ದೊರೆಯುತ್ತದೆ. ತಾಯಿಯ ಮುಖವು ಅಂಗೈಯ ದೂರವಾಣಿಯಲ್ಲಿಯೇ ಕಾಣುತ್ತದೆ. ಆದರೂ ರಜೆಗೆಂದು ಬಂದವರು ಒಂದು ಮಾತನ್ನು ಆಡುವದುಂಟು: "ನಾವಿರುವ ಊರು ಚೆಲುವಾಗಿದೆ, ಆದರೆ ಅದಕ್ಕೆ ವಯಸ್ಸಿಲ್ಲ." ಅಲ್ಲಿಯ ಮೂಲನಿವಾಸಿಗಳಿಗೂ ಪುರಾತನ ಚರಿತ್ರೆಯುಂಟೆಂಬದು ನಿಜ, ಹೊಸ ಬಡಾವಣೆಯ ಬೀದಿಯಲ್ಲಿ ಅದರ ಗುರುತು ಕಾಣದು, ಅಷ್ಟೆ.

ಇದನ್ನು ಬರಿಯ ಹಳಹಳಿಕೆಯೆಂದು ತಳ್ಳಿಬಿಡಲಾಗದು. ಕಿತ್ತೂರಿನ ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ದೇಹವಿಟ್ಟದ್ದು ಬೈಲಹೊಂಗಲದಲ್ಲಿ. ಸಮಾಧಿಯೂ ಅಲ್ಲಿಯೇ ಇದೆ. ಊರಿನವರು ಅದನ್ನು ನೋಡಲೆಂದೇ ಹೋಗುವದು ಅಪರೂಪ; ಅದು ಅಲ್ಲಿದೆಯೆಂಬ ಅರಿವು ಮಾತ್ರ ಅಂಗಳದ ಬಾವಿಯಂತೆ ಸದಾ ಜೊತೆಗಿರುತ್ತದೆ. ಕಿತ್ತೂರಿನ ಹಾಳು ಅರಮನೆಯ ಗೋಡೆಯಲ್ಲಿ ಧ್ರುವನಕ್ಷತ್ರವನ್ನು ನೋಡುವದಕ್ಕಾಗಿ ಇರಿಸಿದ ಕೊಳವೆಯೊಂದುಂಟು. ನಮ್ಮಲ್ಲಿ ಆ ಚುಕ್ಕೆ ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಮೇಲೆ. ನ್ಯೂಯಾರ್ಕಿನಲ್ಲಿ 40ಕ್ಕೆ ಏರಿರುತ್ತದೆ. ಪರದೇಶಕ್ಕೆ ಹೋದವನಿಗೆ ಧ್ರುವನೂ ಸ್ಥಾನ ಬದಲಿಸುತ್ತಾನೆ!

ಸವದತ್ತಿಯಂತೂ ರಟ್ಟರ ರಾಜಧಾನಿ, ಅಂದಿನ ಸುಗಂಧವರ್ತಿ. ರಟ್ಟರ ಶಾಂತಿವರ್ಮನು ತಾನು ಕಟ್ಟಿಸಿದ ಬಸದಿಗೆ 980ರಲ್ಲಿ ದತ್ತಿ ಬಿಟ್ಟ ಶಾಸನ ಅಲ್ಲಿಯದು. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಬಸ್ಸಿನ ಕಂಡಕ್ಟರನು "ಸವದತ್ತಿ, ಸವದತ್ತಿ" ಎಂದು ಕೂಗುವಾಗ ಸಾವಿರ ವರ್ಷ ಸವೆದ ಹೆಸರನ್ನೇ ಕೂಗುತ್ತಿರುತ್ತಾನೆ. ರಾಮದುರ್ಗದ ಕಡೆಗೆ ಹೊರಳಿದರೆ ಸುರೇಬಾನ. 1858ರಲ್ಲಿ ನರಗುಂದದ ಬಾಬಾಸಾಹೇಬನ ಜನರು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನನ್ನು ಕೊಂದ ಊರು.

ಇದೆಲ್ಲವೂ ಪುಸ್ತಕಗಳಲ್ಲಿ ಎಲ್ಲಿಯಾದರೂ ದೊರೆಯುವದಲ್ಲವೆ, ಎನ್ನಬಹುದು. ದೊರೆಯುತ್ತದೆ, ಅದರ ಹಿಂದೆಯೂ ಕಿತ್ತೂರೇ ಇದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಡಿದಾಗ ಸೆರೆಸಿಕ್ಕವರಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣ ಅಧಿಕಾರಿಯಿದ್ದನು. ಮುಂದೆ ಆತನೇ ಕನ್ನಡ ನಾಡಿನ 595 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದನು. ಅವು ಲಂಡನ್ನಿಗೂ ಎಡಿನ್‌ಬರೋ ನಗರಕ್ಕೂ ಸೇರಿದವು. ನಮ್ಮವರಿಗಿಂತ ಬಹಳ ಮೊದಲೇ ನಮ್ಮ ಕಲ್ಲುಗಳ ಮಾತು ಪರದೇಶಕ್ಕೆ ಹೋಗಿತ್ತು!

ಮಡಿದ ಆ ಕಲೆಕ್ಟರನು ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ. ಕಿತ್ತೂರಿನ ಸುದ್ದಿಯ ಕಾಲಕ್ಕೆ ಆ ಕಾದಂಬರಿಕಾರನು 13 ವರ್ಷದ ಬಾಲಕ. ಪರದೇಶದ ಶಾಲೆಯಲ್ಲಿ ಮಗಳು ಈ ಹೆಸರನ್ನು ಓದಿಕೊಂಡು ಬಂದಳೆನ್ನಿ. ಬೈಲಹೊಂಗಲದ ತಾಯಿಗೆ ಬೇರೊಂದು ಥ್ಯಾಕರೆಯ ಕಥೆ ಗೊತ್ತಿದೆ, ಅದನ್ನು ಅವಳು ಹೇಳಿಯೂ ಹೇಳುತ್ತಾಳೆ. "ಅದು ಎಲ್ಲಿ ನಡೆಯಿತಮ್ಮಾ?" ಎಂದು ಮಗಳು ಕೇಳಿದಾಗ ಮಾತ್ರ, ಕಿಟಕಿಯ ಹೊರಗೆ ಬೆರಳು ಮಾಡಿ ತೋರಿಸುವದಕ್ಕೆ ಏನೂ ಇರುವದಿಲ್ಲ.