ನಿಗಿನಿಗಿ

ಒಲೆಯ ಸೌದೆ ಉರಿದು ಜ್ವಾಲೆಯಡಗಿದ ಮೇಲೆ ಕೆಂಡವು ಕೆಂಪಗೆ ಬೆಳಗುತ್ತ ಉಳಿಯುತ್ತದೆ. ಆ ನೋಟಕ್ಕೆ ಕನ್ನಡದಲ್ಲಿರುವ ಮಾತು ‘ನಿಗಿನಿಗಿ’. ವ್ಯಾಕರಣವು ಇಂಥ ಮಾತುಗಳನ್ನು ಅನುಕರಣಾವ್ಯಯಗಳೆನ್ನುತ್ತದೆ. ಕೆಂಡಕ್ಕೆ ಸದ್ದೆಲ್ಲಿದೆ, ಅನುಕರಿಸುವುದಕ್ಕೆ? ಕಣ್ಣು ಕಂಡುದನ್ನು ಕಿವಿಗೆ ಒಪ್ಪಿಸುವ ಜಾಣ್ಮೆ ಇದು. ಉರಿಯು ನಾಲಗೆ ಚಾಚಿದರೆ ‘ಧಗಧಗ’. ತೊಳೆದ ತಾಮ್ರದ ಕೊಡವು ಬೆಳಕನ್ನು ಹಿಂದಿರುಗಿಸಿದರೆ ‘ಥಳಥಳ’. ಮಿಣುಕುಹುಳುವಿನ ತಣ್ಣನೆಯ ಬೆಳಕು ‘ಮಿಣಮಿಣ’. ನಿಗಿನಿಗಿ ಎನ್ನಬೇಕಾದರೆ ವಸ್ತುವು ತಾನೇ ಕಾದು, ಆ ಕಾವಿನಿಂದಲೇ ಬೆಳಗುತ್ತಿರಬೇಕು.

ಘನವಸ್ತುವು ಸುಮಾರು 525 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಾಗ ಮಂದವಾದ ಕೆಂಪು ಬೆಳಕು ಕಣ್ಣಿಗೆ ಕಾಣತೊಡಗುತ್ತದೆ. ಕಾವು ಏರಿದಂತೆ ಅದು ಕಿತ್ತಳೆಗೆ, ಹಳದಿಗೆ, ಬಿಳುಪಿಗೆ ತಿರುಗುತ್ತದೆ. ಕುಲುಮೆಯ ಮುಂದೆ ಕುಳಿತ ಕಮ್ಮಾರನು ಈ ಬಣ್ಣವನ್ನು ನೋಡಿಯೇ ಬಡಿಯುವ ಹದವನ್ನು ಅರಿಯುತ್ತಾನೆ.

ಉತ್ತರ ಕನ್ನಡ ಜಿಲ್ಲೆಯ ಗಣೇಶಗುಡಿಯಲ್ಲಿ ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟನ್ನು ಕಟ್ಟಲಾಗಿದೆ. ಅಲ್ಲಿಯ ವಿದ್ಯುದಾಗಾರದಲ್ಲಿ 50 ಮೆಗಾವಾಟ್ ಸಾಮರ್ಥ್ಯದ ಎರಡು ಯಂತ್ರಗಳು 1985ರಲ್ಲಿ ಕೆಲಸಕ್ಕೆ ತೊಡಗಿದವು. ತಣ್ಣೀರು ತಿರುಗಿಸಿದ ಆ ಯಂತ್ರಗಳ ವಿದ್ಯುತ್ತು ಅಂದಿನ ಮನೆಗಳಲ್ಲಿ ಬಲ್ಬಿನೊಳಗಣ ಟಂಗ್‌ಸ್ಟನ್ ತಂತಿಯನ್ನು ಸುಮಾರು 2,500 ಡಿಗ್ರಿಗಳಿಗೆ ಕಾಯಿಸುತ್ತಿತ್ತು. ವಿದ್ಯುತ್ತು ಸೊರಗಿದ ಸಂಜೆಗಳಲ್ಲಿ ಬೆಳಕು ಕುಗ್ಗಿ, ತಂತಿಯೊಂದೇ ಕೆಂಡದೆಳೆಯಂತೆ ಕೆಂಪಗೆ ಉಳಿಯುತ್ತಿದ್ದುದನ್ನು ಹಿರಿಯರು ಬಲ್ಲರು. ಅದೂ ನಿಗಿನಿಗಿಯೇ.

ಈಗ ಆ ಬಲ್ಬುಗಳು ಅಪರೂಪ. ಎಲ್‌ಇಡಿ ದೀಪವು ಬೆಳಗುವುದು ಕಾವಿನಿಂದಲ್ಲ; ಅರೆವಾಹಕದಲ್ಲಿ ವಿದ್ಯುತ್ತು ನೇರವಾಗಿ ಬೆಳಕಾಗುತ್ತದೆ. ಆದ್ದರಿಂದ ಎಲ್‌ಇಡಿ ದೀಪಗಳನ್ನು ‘ನಿಗಿನಿಗಿ ಬೆಳಗಿದವು’ ಎಂದು ಬಣ್ಣಿಸುವುದು ನನಗೆ ಒಪ್ಪಿಗೆಯಿಲ್ಲ. ಮಾತು ಬೆಳೆಯಬೇಕಲ್ಲವೇ ಎಂದು ಕೇಳುವವರುಂಟು. ಬೆಳೆಯಲಿ, ಆದರೆ ಮಾತಿನೊಳಗಣ ಬಿಸಿಯನ್ನೇ ಕಳೆದರೆ ಅದಕ್ಕೂ ಥಳಥಳಕ್ಕೂ ಏನು ಭೇದ?

ಕಾವಿನಿಂದ ಬೆಳಗುವುದಕ್ಕೆ ‘ತಾಪದೀಪ್ತ’ ಎಂಬ ಶಾಸ್ತ್ರೀಯ ಪದವಿದೆ. ಪದ ಖಚಿತವೇ ಸರಿ. ಆದರೂ ವಿಜ್ಞಾನದ ಪಾಠವು ನಿಗಿನಿಗಿಯಿಂದ ಮೊದಲಾಗಿ ತಾಪದೀಪ್ತಕ್ಕೆ ಬರಬೇಕೆಂದು ನನ್ನ ಅಭಿಪ್ರಾಯ. ಮೊದಲನೆಯದನ್ನು ಕಂಡವನಿಗೆ ಎರಡನೆಯದನ್ನು ಬಾಯಿಪಾಠ ಮಾಡಬೇಕಾದ ಕಷ್ಟವಿಲ್ಲ. ಅನಿಲದ ಒಲೆಯ ನೀಲಿಯುರಿಯನ್ನಷ್ಟೇ ನೋಡಿ ಬೆಳೆದ ಮಕ್ಕಳಿಗೆ ಎರಡೂ ಬರಿಯ ಸದ್ದಾಗಿಬಿಟ್ಟಾವು.

ಮಲೆನಾಡಿನ ಅನೇಕ ಮನೆಗಳಲ್ಲಿ ಬಚ್ಚಲೊಲೆ ಇನ್ನೂ ಇದೆ. ಮುಂಜಾನೆ ಅದರ ಮುಂದೆ ಹಿರಿಯರೊಡನೆ ಕುಳಿತು ನೋಡಿರಿ. ಬೂದಿ ಮುಚ್ಚಿದ ಕೆಂಡ ಕಪ್ಪಗೆ, ಸತ್ತಂತೆ ಕಾಣುತ್ತದೆ. ಅವರು ಬೂದಿಯನ್ನು ಕೆದರಿ ಊದುಗೊಳವೆಯಿಂದ ಒಮ್ಮೆ ಊದಿದರೆ ಗಾಳಿ ತಾಗಿದಷ್ಟು ಕಡೆ ನಿಗಿನಿಗಿ ಎನ್ನುತ್ತದೆ.